ಒಂದೇ ಸಾಲು ಬರೆದವಳು

"ಗುರುಗಳೇ, ಅರ್ಥ ತಿಳಿಯದೆ ಹೇಳುವ ಮಂತ್ರಕ್ಕೆ ಬೆಲೆ ಉಂಟೇ?"

ಕೇಳಿದವನು ಪಾಠಶಾಲೆಯ ಹಿರಿಯ ಶಿಷ್ಯ. ಅವನ ಕಲಿಕೆ ಮುಗಿದಿತ್ತು. ಊರಿಗೆ ಹೊರಡುವ ದಿನ ಹತ್ತಿರ ಬಂದಿತ್ತು. ಚಿಕ್ಕಂದಿನಿಂದ ಬಾಯಿಪಾಠ ಮಾಡಿದ್ದೆಲ್ಲ ಅವನ ನಾಲಗೆಯ ಮೇಲೆ ತಡೆಯಿಲ್ಲದೆ ಹರಿಯುತ್ತಿತ್ತು. ಆದರೆ ಅದರಲ್ಲಿ ಹೆಚ್ಚಿನದು ಏನೆಂದು ಅವನಿಗೆ ಗೊತ್ತಿರಲಿಲ್ಲ.

"ಉಂಟು ಎಂದರೆ ಏನು ಮಾಡುತ್ತೀಯ?" ಎಂದರು ಗುರುಗಳು.

"ಹೇಳುತ್ತೇನೆ."

"ಇಲ್ಲ ಎಂದರೆ?"

"ನಾಳೆಯಿಂದಲೇ ಬಿಡುತ್ತೇನೆ. ತಿಳಿಯದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಹಬ್ಬಕ್ಕೆ ಊರಿಗೆ ಹೋದಾಗ ತಂಗಿ ಕೇಳಿದಳು, ಅಣ್ಣಾ, ನೀನು ಹೇಳೋದಕ್ಕೂ ರೇಡಿಯೋ ಹೇಳೋದಕ್ಕೂ ಏನು ವ್ಯತ್ಯಾಸ ಅಂತ."

"ತಂಗಿ ಬುದ್ಧಿವಂತೆ," ಎಂದರು ಗುರುಗಳು. "ಕೂತುಕೋ. ಒಂದು ಕತೆ ಹೇಳುತ್ತೇನೆ. ನಡೆದದ್ದು ದೂರದಲ್ಲಿ, ಜಪಾನ್ ದೇಶದಲ್ಲಿ."

ಶಿಷ್ಯ ಕೂತ. ಗುರುಗಳು ಹೇಳತೊಡಗಿದರು.

ಗುಡಿಗಳೇ ತುಂಬಿದ ಒಂದು ಊರು. ಅಲ್ಲಿ ಒಬ್ಬ ಗೈಡ್ ಇದ್ದಳು. ಬಂದವರಿಗೆ ಊರು ತೋರಿಸುವುದು ಅವಳ ಕಸುಬು. ಹುಟ್ಟಿದ್ದು ನಮ್ಮ ಕಡೆಯೇ. ಗಂಡನ ಜೊತೆ ಆ ದೇಶಕ್ಕೆ ಹೋದವಳು, ಗಂಡ ತೀರಿಕೊಂಡ ಮೇಲೂ ಹಿಂದಿರುಗಲಿಲ್ಲ. ಬಾ ಎಂದು ಕರೆದ ಅಣ್ಣಂದಿರಿಗೆ, ಇಲ್ಲೇ ಹೇಗೋ ಆಗುತ್ತದೆ ಎಂದಳು. ಹೇಗೋ ಆಗಲಿಲ್ಲ; ಅವಳೇ ಆಗಿಸಿಕೊಂಡಳು. ಅಲ್ಲಿನ ಮಾತನ್ನು ಯಾವ ಶಾಲೆಯಲ್ಲೂ ಕಲಿಯಲಿಲ್ಲ. ತರಕಾರಿ ಅಂಗಡಿಯಲ್ಲಿ ನಿಂತು ಕಲಿತಳು, ಬಸ್ಸಿನಲ್ಲಿ ಕೂತು ಕಲಿತಳು, ಗುಡಿಯ ಮೆಟ್ಟಿಲ ಮೇಲೆ ಮುದುಕಿಯರ ಪಕ್ಕ ಕೂತು ಕಲಿತಳು. ನಮ್ಮ ಕಡೆಯಿಂದ ಪ್ರವಾಸಕ್ಕೆ ಬಂದವರನ್ನು ಬೆಳಗಿನಿಂದ ಸಂಜೆಯವರೆಗೆ ಸುತ್ತಾಡಿಸುತ್ತಿದ್ದಳು. ಬೆಳಿಗ್ಗೆ ಒಂದು ದೊಡ್ಡ ಗುಡಿ, ಮಧ್ಯಾಹ್ನ ಇನ್ನೊಂದು ಗುಡಿಯಲ್ಲಿ ಊಟ, ಊಟವಾದ ಮೇಲೆ ಅದೇ ಗುಡಿಯಲ್ಲಿ ಕುಂಚ ಹಿಡಿದು ಅಕ್ಷರ ಬರೆಯುವುದು, ಕೊನೆಗೆ ಅಲ್ಲಿನ ತೋಟ. ಇದು ಅವಳ ದಿನ.

ಅವಳಿಗೆ ಒಂದು ಹೆಮ್ಮೆ ಇತ್ತು. ಯಾರು ಏನು ಕೇಳಿದರೂ ಅವಳ ಬಳಿ ಉತ್ತರ ಇರುತ್ತಿತ್ತು. ಗೊತ್ತಿಲ್ಲ ಎಂಬ ಮಾತನ್ನು ಅವಳ ಬಾಯಿಂದ ಯಾರೂ ಕೇಳಿರಲಿಲ್ಲ.

ಒಂದು ಅಂಜಿಕೆಯೂ ಇತ್ತು. ಅವಳ ದಿನಕ್ಕೆ ಹೆಸರು ಬಂದದ್ದೇ ಆ ತೋಟದಿಂದ. ಆ ತೋಟ ಎಲ್ಲರಿಗೂ ತೆರೆಯುವುದಿಲ್ಲ. ಗುಡಿಯನ್ನು ನೋಡಿಕೊಳ್ಳುವವರು ಸನ್ಯಾಸಿನಿಯರು. ಅವರದೊಂದು ಕಟ್ಟಳೆ. ಬಂದವರು ಮೊದಲು ಬರವಣಿಗೆಯ ಮನೆಯಲ್ಲಿ ಕೂತು ಒಂದು ಹಾಳೆಯಷ್ಟು ಬೌದ್ಧ ಸೂತ್ರವನ್ನು ತಮ್ಮ ಕೈಯಾರೆ ಬರೆದು, ಕೊನೆಯಲ್ಲಿ ಹೆಸರು ಹಾಕಬೇಕು. ಬರೆದದ್ದನ್ನು ಮನೆಗೆ ಒಯ್ಯುವಂತಿಲ್ಲ, ದೇವರ ಮುಂದೆ ಇಡಬೇಕು. ಜೊತೆಯಲ್ಲಿ ಬಂದವರೆಲ್ಲರ ಹಾಳೆಯೂ ದೇವರ ಮುಂದೆ ಸೇರಿದ ಮೇಲೆ ತೋಟದ ಬಾಗಿಲು ತೆರೆಯುತ್ತದೆ. ಸುಮ್ಮನೆ ನೋಡಿ ಹೋಗಲು ಬರುವವರನ್ನು ಕರೆತಂದ ಗೈಡಿಗೆ ಆ ಗುಡಿಯ ಬಾಗಿಲು ಮತ್ತೆ ತೆರೆಯುವುದಿಲ್ಲ. ಹಾಗೆ ಬಾಗಿಲು ಮುಚ್ಚಿಸಿಕೊಂಡವರು ಊರಲ್ಲಿ ಇದ್ದರು. ಇವಳು ಅಪ್ಪಣೆಗಾಗಿ ಎಷ್ಟೋ ಕಾಲ ಆ ಹೊಸ್ತಿಲ ಹೊರಗೆ ಕಾದಿದ್ದಳು. ಆ ಅಪ್ಪಣೆ ಹೋದರೆ ಅವಳ ದಿನದಲ್ಲಿ ಉಳಿಯುವುದು ಎಲ್ಲ ಗೈಡುಗಳೂ ತೋರಿಸುವ ಗುಡಿ, ಎಲ್ಲ ಹೋಟೆಲಿನಲ್ಲೂ ಸಿಗುವ ಊಟ.

ಒಂದು ದಿನ ಅವಳ ಜೊತೆ ಒಬ್ಬ ಬೆಲ್ಲದ ವರ್ತಕ ಬಂದ. ಅವನ ಹೆಂಡತಿಯೂ ಬಂದಿದ್ದಳು. ಇನ್ನೂ ನಾಲ್ಕಾರು ಜನ ಓದುಬರಹ ಬಲ್ಲವರು ಇದ್ದರು.

ವರ್ತಕ ಮಾತುಗಾರ. ದೊಡ್ಡ ಗುಡಿಯ ಮುಂದೆ ಕಲ್ಲಿನ ತೊಟ್ಟಿ, ತೊಟ್ಟಿಯ ಮೇಲೆ ಬಿದಿರಿನ ಸೌಟು. ಒಳಗೆ ಹೋಗುವ ಮೊದಲು ಕೈಬಾಯಿ ತೊಳೆದುಕೊಳ್ಳಲು ಇಟ್ಟದ್ದು. ವರ್ತಕ ಸೌಟು ಎತ್ತಿ ಅಂಗೈಗೆ ಸುರಿದುಕೊಂಡು ಭಕ್ತಿಯಿಂದ ಕುಡಿದ. ಉಳಿದದ್ದನ್ನು ತಲೆಗೆ ಒರೆಸಿಕೊಂಡ.

"ಅದು ತೀರ್ಥ ಅಲ್ಲ ಯಜಮಾನರೇ, ಕೈ ತೊಳೆಯೋ ನೀರು," ಎಂದಳು ಗೈಡ್.

"ಹೋಗಲಿ ಬಿಡಮ್ಮ. ಒಳಗಡೆನೂ ತೊಳೆದಂಗಾಯ್ತು."

ಎಲ್ಲರೂ ನಕ್ಕರು. ಹೆಂಡತಿ ನಗಲಿಲ್ಲ. ಅವಳು ಮಾತು ಕಡಿಮೆಯ ಹೆಂಗಸು. ಗುಡಿಯ ಹೆಬ್ಬಾಗಿಲಿನ ಮೇಲೆ ತೂಗುಹಾಕಿದ್ದ ಹಲಗೆಯನ್ನೇ ನೋಡುತ್ತ ನಿಂತಿದ್ದಳು. ಹಲಗೆಯ ಮೇಲೆ ದೊಡ್ಡ ದೊಡ್ಡ ಅಕ್ಷರ ಇದ್ದವು. ಬೀದಿಯ ಬೋರ್ಡು, ಬಸ್ಸಿನ ಹಣೆ, ಟೀ ಪೊಟ್ಟಣ, ಎಲ್ಲ ಕಡೆಯೂ ಅವಳು ಹಾಗೇ ಅಕ್ಷರದ ಮುಂದೆ ನಿಲ್ಲುವುದನ್ನು ಗೈಡ್ ಬೆಳಗಿನಿಂದ ಗಮನಿಸಿದ್ದಳು.

"ಏನಮ್ಮ ನೋಡ್ತಿದ್ದೀರಿ?"

"ಓದಕ್ಕೆ ಬರ್ತದೇನೋ ಅಂತ ನೋಡ್ತೀನಿ. ಬರಲ್ಲ ಅಂತ ಗೊತ್ತು. ಆದ್ರೂ ಕಣ್ಣು ಬಿಡಲ್ಲ."

ವರ್ತಕ ನಡುವೆ ಬಾಯಿ ಹಾಕಿದ. "ಅವಳ ಕತೆ ಕೇಳ್ಬೇಡಿ. ನಮ್ಮ ಮನೆಗೆ ಬಂದಾಗ ಪೇಪರು ತಲೆಕೆಳಗೆ ಹಿಡಿದಿದ್ಲು. ನಮ್ಮಕ್ಕ ನಕ್ಕುಬಿಟ್ಲು. ಆವತ್ತು ಹಟ ಹಿಡಿದೋಳು, ಬೆಲ್ಲ ಕಟ್ಟೋ ಹಾಳೆಯಲ್ಲೇ ಅಕ್ಷರ ಕಲಿತ್ಲು. ಈಗ ಬೆಲ್ಲ ಕಟ್ಟೋಕೆ ಹಾಳೆ ಕೊಡಲ್ಲ. ಓದಿ ಮುಗಿಸ್ಬೇಕಂತೆ ಮೊದ್ಲು."

"ನಿಮ್ಮಕ್ಕ ಈಗ ನನ್ನ ಹತ್ರ ಓದಿಸ್ಕೊಂಡು ಹೋಗ್ತಾರೆ. ಅದೂ ಹೇಳಿ," ಎಂದಳು ಹೆಂಡತಿ.

ಮಧ್ಯಾಹ್ನ ಊಟಕ್ಕೆ ಸನ್ಯಾಸಿನಿಯರ ಗುಡಿಗೆ ಬಂದರು. ಮೋಟುಕಾಲಿನ ಮಣೆ, ಅದರ ಮೇಲೆ ಕಪ್ಪು ಮೆರುಗಿನ ಬಟ್ಟಲುಗಳು. ವರ್ತಕನದು ಮೀನು ಮುಟ್ಟದ ಮನೆತನ. ಒಂದು ಬಟ್ಟಲನ್ನೂ ಕೇಳದೆ ಬಾಯಿಗೆ ಇಡಲಿಲ್ಲ.

"ಇದೇನಮ್ಮ?"

"ಎಳ್ಳು ಅರೆದು ಗಟ್ಟಿ ಮಾಡಿದ್ದು."

"ಇದು?"

"ಮೂಲಂಗಿ ಬೇಯಿಸಿದ್ದು."

"ಬೇಯಿಸಿದ ನೀರು ಯಾವುದು?"

"ಕಡಲಪಾಚಿ ಮತ್ತೆ ಒಣಗಿಸಿದ ಅಣಬೆ ಹಾಕಿ ಕುದಿಸಿದ ನೀರು. ಮೀನಿನ ಸೋಂಕೂ ಇಲ್ಲ. ಈ ಗುಡಿ ಅಡಿಗೆಗೆ ಮೀನು ಬರೋದೇ ಇಲ್ಲ."

"ಕಡಲದ್ದು ಅಂದೆ. ಮೀನಿನ ಪಕ್ಕದಲ್ಲೇ ಬೆಳೆದಿರ್ತದೆ."

"ನಿಮ್ಮ ಪಕ್ಕದ ಮನೆಯೋರು ಮೀನು ತಿಂದ್ರೆ ನೀವು ಊಟ ಬಿಡ್ತೀರಾ ಯಜಮಾನರೇ?"

ವರ್ತಕ ಸೋತು ಬಟ್ಟಲು ಎತ್ತಿಕೊಂಡ. ಗೈಡಿಗೆ ಒಳಗೊಳಗೇ ಸಂತೋಷವಾಯಿತು. ನಮ್ಮ ಜನ ಕೇಳುವ ಇಂಥ ಪ್ರಶ್ನೆಗೆಂದೇ ಅವಳು ಆ ಅಡಿಗೆಮನೆಯಲ್ಲಿ ಕೂತು ಒಂದೊಂದು ಪದಾರ್ಥವನ್ನೂ ತಿಳಿದುಕೊಂಡಿದ್ದಳು. ಊಟ ಮುಗಿದಾಗ ಬಟ್ಟಲಿಗೆ ಬಿಸಿನೀರು ಹಾಕಿ, ಒಂದು ತುಂಡು ಉಪ್ಪಿನ ಮೂಲಂಗಿಯಿಂದ ಸುತ್ತಲೂ ಒರೆಸಿ, ಆ ನೀರನ್ನು ಕುಡಿದು, ಮೂಲಂಗಿಯನ್ನು ತಿನ್ನುವುದು ಅಲ್ಲಿನ ಕ್ರಮ. ಉಳಿದವರು ಮುಖ ಮುಖ ನೋಡಿಕೊಂಡರು. ವರ್ತಕನ ಹೆಂಡತಿ ಹಾಗೇ ಮಾಡಿದಳು. ಬಟ್ಟಲು ತೊಳೆದಿಟ್ಟಂತೆ ಆಯಿತು.

"ಇದು ನನಗೆ ಒಪ್ಪಿಗೆ ಆಯ್ತು. ತೊಳೆಯೋರ ಕೆಲಸಾನೂ ತಿನ್ನೋರೇ ಮಾಡಿಬಿಡ್ತಾರೆ," ಎಂದಳು.

ಈ ಹೆಂಗಸು ತೊಂದರೆ ಕೊಡುವವಳಲ್ಲ ಎಂದು ಗೈಡ್ ಅಂದುಕೊಂಡಳು. ವರ್ತಕನ ಮೇಲೆ ಒಂದು ಕಣ್ಣಿಟ್ಟರೆ ಸಾಕು ಎಂದುಕೊಂಡಳು.

ಬರವಣಿಗೆಯ ಮನೆಯಲ್ಲಿ ಒಬ್ಬ ಮುದುಕಿ ಸನ್ಯಾಸಿನಿ ಕೂತಿದ್ದರು. ಪ್ರತಿಯೊಬ್ಬರ ಮುಂದೆ ಒಂದು ಕಲ್ಲು, ಒಂದು ಮಸಿಯ ಕಡ್ಡಿ, ಒಂದು ಕುಂಚ. ಅಕ್ಷರ ಅಚ್ಚಾದ ಹಾಳೆಯ ಮೇಲೆ ತೆಳುವಾದ ಇನ್ನೊಂದು ಹಾಳೆ. ಕೆಳಗಿನ ಅಕ್ಷರ ಮೇಲೆ ಮಸುಕಾಗಿ ಕಾಣುತ್ತದೆ. ಅದರ ಮೇಲೆ ಕುಂಚ ಆಡಿಸುತ್ತ ಹೋಗಬೇಕು. ಮೊದಲು ಕಲ್ಲಿಗೆ ನೀರು ಹಾಕಿ ಕಡ್ಡಿಯನ್ನು ತೇದು ಮಸಿ ಮಾಡಿಕೊಳ್ಳಬೇಕು. ಗಂಧ ತೇಯುವ ಕೈ ಅದನ್ನು ತಾನಾಗಿಯೇ ಕಲಿಯಿತು. ವರ್ತಕನ ಹೆಂಡತಿಯ ಮಸಿ ಎಲ್ಲರಿಗಿಂತ ಮೊದಲು ಕಪ್ಪಾಯಿತು, ನುಣುಪಾಯಿತು. ಸನ್ಯಾಸಿನಿ ಅದನ್ನು ನೋಡಿ ತಲೆದೂಗಿದರು.

ಎಲ್ಲರೂ ಬರೆಯತೊಡಗಿದರು. ವರ್ತಕನ ಒಂದು ಗೆರೆ ನಡುವೆ ಸಣ್ಣದಾಯಿತು. ಅವನು ಕುಂಚ ಅದ್ದಿ ಅದರ ಮೇಲೆ ಇನ್ನೊಮ್ಮೆ ಎಳೆದ. ಎಳೆದ ಗೆರೆಯನ್ನು ಮತ್ತೆ ಮುಟ್ಟುವುದು ಆ ವಿದ್ಯೆಯಲ್ಲಿ ಸಲ್ಲದು. ಮಸಿ ಹರಡಿ ಅಕ್ಷರ ಜೀರುಂಡೆಯಂತೆ ಕೂತಿತು.

"ಏನು ಮಾಡಿದಿರಿ ಯಜಮಾನರೇ?"

"ಕಡಿಮೆ ಬಿದ್ದಿತ್ತು. ಸ್ವಲ್ಪ ಕೊಸರು ಹಾಕ್ದೆ."

ಗೈಡ್ ನಗುತ್ತ ಅದನ್ನು ಸನ್ಯಾಸಿನಿಗೆ ಹೇಳಿದಳು. ಅವರೂ ನಕ್ಕರು. ಕೊಟ್ಟ ಮೇಲೆ ಇನ್ನಷ್ಟು ಕೊಡುವ ಮನಸ್ಸು ಒಳ್ಳೆಯದೇ, ಇಲ್ಲಿ ಮಾತ್ರ ಬೇಡ ಎಂದರು.

ಹೀಗೆ ಒಬ್ಬೊಬ್ಬರದೇ ಹಾಳೆ ಮುಗಿಯುತ್ತ ಬಂತು. ಕೊನೆಗೆ ಗೈಡ್ ವರ್ತಕನ ಹೆಂಡತಿಯ ಬಳಿ ಬಂದಳು. ಅವಳ ಹಾಳೆ ಬೆಳ್ಳಗೆ ಹಾಗೇ ಇತ್ತು. ಕುಂಚ ಒಣಗಿತ್ತು.

"ಯಾಕಮ್ಮ ಬರೆದಿಲ್ಲ?"

"ಇದ್ರಲ್ಲಿ ಏನು ಬರೆದದೆ?"

"ಒಳ್ಳೇ ಮಾತು ಅಮ್ಮ. ಮನಸ್ಸಿಗೆ ಶಾಂತಿ ಕೊಡೋದು."

"ಒಳ್ಳೇದು ಅಂತ ಗೊತ್ತಾಯ್ತು. ಏನು ಅಂತ ಕೇಳ್ದೆ."

ಗೈಡ್ ಪ್ರತಿ ಸಲವೂ ಹೇಳುತ್ತಿದ್ದುದನ್ನೇ ಹೇಳಿದ್ದಳು. ಅದರಾಚೆ ಯಾರೂ ಕೇಳಿರಲಿಲ್ಲ. ಅವಳು ಮಾತು ತಿರುಗಿಸಲು ನೋಡಿದಳು. "ಕೆಳಗೆ ಅಚ್ಚು ಕಾಣುತ್ತಲ್ಲ ಅಮ್ಮ, ಅದರ ಮೇಲೆ ಎಳೆದರೆ ಆಯ್ತು. ಎಲ್ಲರೂ ಹಾಗೇ ಬರೆಯೋದು."

"ಎಲ್ಲರೂ ಬರೀಲಿ. ಕೊನೇಲಿ ಹೆಸರು ಬರೀಬೇಕು ಅಂದ್ಯಲ್ಲ, ಅದು ನನ್ನ ಹೆಸರು. ಏನು ಅಂತ ತಿಳೀದೆ ಅದರ ಕೆಳಗೆ ನನ್ನ ಹೆಸರು ಇಡಲ್ಲ."

ವರ್ತಕ ಸಿಡುಕಿದ. "ಬಂದ ಕಡೆ ಎಲ್ಲ ಹಿಂಗೇ ಇವಳು. ಬರ್ದು ಎದ್ದೇಳೇ, ಜನ ಕಾಯ್ತಾವ್ರೆ."

"ಬಾಯಿಗೆ ಹಾಕ್ಕೊಳೋದನ್ನ ಬಟ್ಟಲು ಬಟ್ಟಲಿಗೂ ಕೇಳಿದ್ರಿ. ಆಗ ಯಾರೂ ಕಾಯ್ತಿರಲಿಲ್ವಾ? ಕೈಯಲ್ಲಿ ಬರೆಯೋದನ್ನ ನಾನು ಕೇಳಬಾರದಾ?"

ಜೊತೆಯವರಲ್ಲಿ ಒಬ್ಬರು, ಬಣ್ಣದ ಶಾಲು ಹೊದ್ದವರು, ಸಮಾಧಾನ ಹೇಳಲು ಬಂದರು. "ಅಮ್ಮಾ, ನಾವೂ ಓದಿದವರೇ. ಸುಮ್ಮನೆ ಬರೆದೆವು, ನೋಡಿ."

"ಓದಿದೋರು ಅಲ್ವಾ ಸ್ವಾಮಿ, ಹಂಗಾದ್ರೆ ಓದಿ ಹೇಳಿ."

ಅವರು ಶಾಲು ಸರಿಮಾಡಿಕೊಂಡು ಕಿಟಕಿಯ ಕಡೆ ಹೋದರು.

ಗೈಡ್ ಲೆಕ್ಕ ಹಾಕಿದಳು. ಒಂದು ಹಾಳೆ ಬರದಿದ್ದರೆ ಬಾಗಿಲು ತೆರೆಯುವುದಿಲ್ಲ. ಬಾಗಿಲು ತೆರೆಯದಿದ್ದರೆ ಇಂದಿನ ಜನ ಊರೆಲ್ಲ ಹೇಳುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಬರೆಯಲು ಒಲ್ಲೆನೆಂದವಳನ್ನು ಕರೆತಂದಳು ಎಂದು ಸನ್ಯಾಸಿನಿಯರು ಅಪ್ಪಣೆ ಕಿತ್ತುಕೊಳ್ಳುತ್ತಾರೆ. ಹೊಸ್ತಿಲ ಹೊರಗೆ ಮತ್ತೆ ಕಾಯುವ ವಯಸ್ಸು ಅವಳದಲ್ಲ. ಆ ಹೆಂಗಸಿನ ಮೇಲೆ ಕೋಪ ಬಂತು. ಆದರೆ ಬಹಳ ಹೊತ್ತು ನಿಲ್ಲಲಿಲ್ಲ. ಪರದೇಶದ ಬೀದಿಯಲ್ಲಿ ಬೋರ್ಡು ಬೋರ್ಡಿನ ಮುಂದೆ ಹೀಗೆಯೇ ಹಟ ಹಿಡಿದು ನಿಂತ ಇನ್ನೊಬ್ಬ ಹೆಂಗಸು ಅವಳಿಗೆ ಚೆನ್ನಾಗಿ ಗೊತ್ತಿದ್ದಳು.

ಒಂದು ಸುಲಭದ ದಾರಿ ಇತ್ತು. ಏನಾದರೂ ಒಂದು ಅರ್ಥ ಹೇಳಿಬಿಡುವುದು. ದೇವರು ಎಲ್ಲರನ್ನೂ ಕಾಯಲಿ, ಮಳೆಬೆಳೆ ಚೆನ್ನಾಗಲಿ, ಅಂಥದ್ದು. ಹೋಲಿಸಿ ನೋಡುವವರು ಯಾರೂ ಇರಲಿಲ್ಲ. ಹೆಂಗಸು ಒಪ್ಪಿ ಬರೆಯುತ್ತಿದ್ದಳು. ಬಾಗಿಲು ತೆರೆಯುತ್ತಿತ್ತು. ಗೈಡ್ ಬಾಯಿ ತೆರೆದಳು.

ಅಷ್ಟರಲ್ಲಿ ವರ್ತಕನ ಹೆಂಡತಿ ಹಾಳೆಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. "ಅದೆಲ್ಲ ಇರಲಿ. ಈ ಒಂದು ಸಾಲು ಹೇಳು ಸಾಕು. ಇಲ್ಲಿ ನೋಡು, ಇವೆರಡು ಅಕ್ಷರ ಬಂದವೆ. ಪಕ್ಕದಲ್ಲೇ ಇವೇ ಎರಡು ಮತ್ತೆ ಬಂದವೆ. ಇಲ್ಲಿ ಇನ್ನೊಂದ್ಸಲ. ಮೇಲಿನ ಸಾಲುಗಳಲ್ಲಿ ಹಿಂಗೆ ಇಲ್ಲ. ಯಾರನ್ನೋ ಕೂಗಿ ಕೂಗಿ ಕರೆದಂಗದೆ. ಏನಿದು?"

ಗೈಡ್ ಬಗ್ಗಿ ನೋಡಿದಳು. ನಿಜವಾಗಿತ್ತು. ಇಷ್ಟು ಕಾಲ ಈ ಹಾಳೆಯನ್ನು ಎಷ್ಟೋ ಜನರ ಮುಂದೆ ಇಟ್ಟಿದ್ದಳು, ಎತ್ತಿದ್ದಳು. ಆ ಸಾಲಿನಲ್ಲಿ ಅಕ್ಷರ ಮರಳಿ ಬರುವುದನ್ನು ಅವಳು ನೋಡಿಯೇ ಇರಲಿಲ್ಲ. ಅಕ್ಷರವನ್ನು ಇಷ್ಟು ಹತ್ತಿರದಿಂದ ನೋಡಿದವಳ ಮುಂದೆ ಕಟ್ಟುಕತೆ ಹೇಳಲು ಅವಳ ನಾಲಗೆ ಏಳಲಿಲ್ಲ.

"ನನಗೆ ಗೊತ್ತಿಲ್ಲ ಅಮ್ಮ," ಎಂದಳು.

ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಭೂಮಿ ಬಿರಿಯಲಿಲ್ಲ. ಹೆಂಗಸು ನಗಲಿಲ್ಲ. "ಸರಿ. ಗೊತ್ತಿರೋರನ್ನ ಕೇಳ್ಕೊಂಡು ಬಾ. ಕಾಯ್ತೀನಿ," ಎಂದು ಕುಂಚವನ್ನು ನೀರಿಗೆ ಹಾಕಿದಳು.

ಗೈಡ್ ಸನ್ಯಾಸಿನಿಯ ಮುಂದೆ ಮಂಡಿಯೂರಿದಳು. ಬೈಸಿಕೊಳ್ಳಲು ಸಿದ್ಧಳಾಗಿ ಎಲ್ಲವನ್ನೂ ಹೇಳಿದಳು. ಒಬ್ಬಾಕೆ ಬರೆಯುತ್ತಿಲ್ಲ, ಕೊನೆಯ ಸಾಲಿನ ಅರ್ಥ ಏನೆಂದು ಕೇಳುತ್ತಿದ್ದಾಳೆ, ನಾನು ಹೇಳಲಾರದೆ ಹೋದೆ.

ಮುದುಕಿ ಗೋಡೆ ಹಿಡಿದು ಎದ್ದರು. ನಿಧಾನಕ್ಕೆ ನಡೆದು ಬಂದು ವರ್ತಕನ ಹೆಂಡತಿಯ ಎದುರಿಗೆ ಕೂತರು. ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದರು. ಓದುವುದೂ ಹಾಡುವುದೂ ಅಲ್ಲದ ಒಂದು ದನಿ. ಗೈಡ್ ಅವರ ಮಾತನ್ನು ಕನ್ನಡದಲ್ಲಿ ಹೇಳುತ್ತ ಹೋದಳು.

"ಈ ಸಾಲು ನಮ್ಮ ಭಾಷೆಯದಲ್ಲ," ಎಂದರು ಸನ್ಯಾಸಿನಿ. "ಮೇಲಿನದನ್ನೆಲ್ಲ ಹಿರಿಯರು ತಿಳಿಯುವ ಮಾತಿಗೆ ತಂದರು. ಇದೊಂದನ್ನು ತರಲಿಲ್ಲ. ಸದ್ದನ್ನು ಮಾತ್ರ ಅಕ್ಷರದಲ್ಲಿ ಹಿಡಿದಿಟ್ಟರು. ಇದು ಸಮುದ್ರ ದಾಟಿ, ಬೆಟ್ಟ ದಾಟಿ ನಿಮ್ಮ ಕಡೆಯಿಂದ ಬಂದದ್ದು. ಪಂಡಿತರು ಅರ್ಥ ಹೇಳುತ್ತಾರೆ. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಒಪ್ಪಿಗೆಯಾಗುವುದಿಲ್ಲ. ನಾನು ಪಂಡಿತೆಯಲ್ಲ. ಎಳೆಯವಳಿದ್ದಾಗ ನಾನೂ ನಮ್ಮ ಗುರುಗಳನ್ನು ಇದನ್ನೇ ಕೇಳಿದೆ. ಆ ಕಡೆಯಿಂದ ಯಾರಾದರೂ ಬರುತ್ತಾರೆ, ಬಂದಾಗ ಕೇಳು ಎಂದರು. ಬಂದವರೆಲ್ಲ ಬರೆದು ತೋಟ ನೋಡಿ ಹೋದರು. ಈ ಸಾಲಿನ ಮೇಲೆ ಬೆರಳಿಟ್ಟವರು ನೀವೊಬ್ಬರು. ಅದಕ್ಕೆ ನಿಮ್ಮನ್ನು ಕೇಳುತ್ತೇನೆ. ಇದು ಏನು?"

ವರ್ತಕನ ಹೆಂಡತಿ ಗಂಡನ ಮುಖ ನೋಡಿದಳು. ವರ್ತಕ ಜಂತೆ ನೋಡಿದ. ಶಾಲು ಹೊದ್ದವರು ಕಿಟಕಿ ಬಿಟ್ಟು ಈಚೆಗೆ ಬರಲಿಲ್ಲ.

"ಕಿವಿಗೆ ಹತ್ತಿರದ್ದು ಅನ್ನಿಸ್ತದೆ. ನಮ್ಮೂರ ಗುಡೀಲಿ ಅರ್ಚಕರು ಹೇಳ್ದಂಗದೆ," ಎಂದಳು ಅವಳು ಕೊನೆಗೆ. "ಆದ್ರೆ ನನಗೂ ಗೊತ್ತಿಲ್ಲ ತಾಯಿ."

ಸನ್ಯಾಸಿನಿ ಬೇಸರಪಡಲಿಲ್ಲ. ಓರೆಯಾಗಿದ್ದ ಹಾಳೆಯನ್ನು ನೇರಮಾಡಿದರು.

"ಒಂದು ಕೇಳ್ಲಾ?" ಎಂದಳು ಹೆಂಗಸು. "ಏನು ಅಂತ ಗೊತ್ತಿಲ್ದೆ ಇಷ್ಟು ಕಾಲ ಹೆಂಗೆ ಬರೆದ್ರಿ? ಸಾಕು ಅನ್ನಿಸ್ಲಿಲ್ವಾ?"

"ಗೊತ್ತಿದ್ದರೆ ನಮಗೆ ಸರಿ ಕಂಡಂತೆ ತಿದ್ದಿಬಿಡುತ್ತಿದ್ದೆವೋ ಏನೋ. ಗೊತ್ತಿಲ್ಲದ್ದರಿಂದಲೇ ಒಂದು ಗೆರೆಯನ್ನೂ ಬಿಡಲಿಲ್ಲ, ಒಂದನ್ನೂ ಸೇರಿಸಲಿಲ್ಲ. ಬೇರೆಯವರ ವಸ್ತು ನೋಡಿ."

ವರ್ತಕನ ಹೆಂಡತಿ ಗೈಡಿನ ಕಡೆ ತಿರುಗಿದಳು. ತನಗೇ ಹೇಳಿಕೊಳ್ಳುವಂತೆ ಹೇಳಿದಳು.

"ನನ್ನ ತವರುಮನೇಲಿ ಒಂದು ಗಂಟು ಇತ್ತು ಕಣಮ್ಮ. ಪಕ್ಕದ ಮನೆ ಮುದುಕಮ್ಮ ಕಾಶಿಗೆ ಹೋಗೋವಾಗ ನಮ್ಮವ್ವನ ಕೈಲಿ ಕೊಟ್ಟು ಹೋದ್ಲು. ವಾಪಸು ಬರಲೇ ಇಲ್ಲ. ನಮ್ಮವ್ವ ಅದನ್ನ ಬಿಚ್ಚಲಿಲ್ಲ. ಹಬ್ಬ ಬಂದ್ರೆ ಇಳಿಸಿ ಧೂಳು ಒರೆಸಿ ಮತ್ತೆ ಅಟ್ಟಕ್ಕೆ ಇಡೋಳು. ಏನವ್ವ ಅದ್ರಲ್ಲಿ ಅಂದ್ರೆ, ನಮ್ಮದಲ್ಲ ಅನ್ನೋಳು. ಅಷ್ಟೇ ಅವಳ ಉತ್ತರ. ಇಲ್ಲೂ ಹಂಗೇ ಆಗದೆ. ಗಂಟು ಇಟ್ಟೋರು ನಾವು. ಇಟ್ಟಿದ್ದನ್ನೇ ಮರೆತೋರೂ ನಾವು. ಇವ್ರು ದಿನಾ ಧೂಳು ಒರೆಸ್ತಾ ಕೂತವ್ರೆ."

ಅವಳು ಕುಂಚವನ್ನು ಹಿಂಡಿ ಮಸಿಗೆ ಅದ್ದಿದಳು. ಮೇಲಿನ ಸಾಲುಗಳನ್ನು ಮುಟ್ಟಲಿಲ್ಲ. ನೇರವಾಗಿ ಕೊನೆಯ ಸಾಲಿಗೆ ಹೋದಳು. ರಂಗೋಲಿ ಎಳೆದ ಕೈ. ತೊಡಗಿದ ಗೆರೆಯನ್ನು ನಡುವೆ ನಿಲ್ಲಿಸಲಿಲ್ಲ, ಎಳೆದದ್ದನ್ನು ಮತ್ತೆ ಮುಟ್ಟಲಿಲ್ಲ. ಸಾಲು ಮುಗಿಯಿತು. ಅದರ ಪಕ್ಕ ಕನ್ನಡದಲ್ಲಿ ತನ್ನ ಹೆಸರು ಬರೆದಳು. ಉಳಿದ ಹಾಳೆ ಖಾಲಿಯಾಗಿಯೇ ಇತ್ತು.

"ಇದು ನಮ್ಮದು ಅಂತ ಗೊತ್ತಾಯ್ತು, ಬರೆದೆ. ಮಿಕ್ಕಿದ್ದು ಬರೆಯಲ್ಲ," ಎಂದು ಹಾಳೆಯನ್ನು ಎರಡೂ ಕೈಯಲ್ಲಿ ಸನ್ಯಾಸಿನಿಗೆ ನೀಡಿದಳು.

ಅರ್ಧ ಹಾಳೆಯನ್ನು ದೇವರ ಮುಂದೆ ಇಟ್ಟದ್ದನ್ನು ಆ ಗುಡಿಯಲ್ಲಿ ಗೈಡ್ ಕಂಡಿರಲಿಲ್ಲ. ಅರ್ಧ ಎನ್ನುವಷ್ಟೂ ಅದು ಇರಲಿಲ್ಲ. ಒಂದೇ ಸಾಲು. ತನ್ನ ಅಪ್ಪಣೆ ಹೋಯಿತು ಎಂದೇ ಅವಳು ತಿಳಿದಳು. ಆದರೂ ಆ ಹೆಂಗಸಿನ ಕೈಯಿಂದ ಹಾಳೆ ಕಿತ್ತು, ಪೂರ್ತಿ ಮಾಡಿ ಕೊಡಮ್ಮ ಎಂದು ಹೇಳಲು ಅವಳಿಗೆ ಮನಸ್ಸಾಗಲಿಲ್ಲ. ಹೋದರೆ ಹೋಗಲಿ ಎಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಒಂದು ಬಗೆಯ ಗೌರವ ಬಂತು.

ಸನ್ಯಾಸಿನಿ ಹಾಳೆಯನ್ನು ತೆಗೆದುಕೊಂಡರು. ದೇವರ ಮುಂದೆ ಇಡಲಿಲ್ಲ. ತಮ್ಮ ಮಣೆಗೆ ಒಯ್ದು, ಮಸಿ ತೇದು, ಕುಂಚ ಎತ್ತಿಕೊಂಡರು.

"ತಮ್ಮದನ್ನು ಅವರು ಬರೆದರು. ಉಳಿದದ್ದು ನಮ್ಮ ಮಾತು. ಅದನ್ನು ನಾವು ಬರೆಯುವುದೇ ನ್ಯಾಯ," ಎಂದರು. ಆಮೇಲೆ ಗೈಡಿಗೆ ಹೇಳಿದರು, "ಇದೂ ದೇವರ ಮುಂದೆ ಸೇರಿದಂತೆಯೇ. ಬಾಗಿಲು ತೆರೆಸು. ಇಂಥವರನ್ನು ಕರೆದುಕೊಂಡು ಬರುತ್ತಿರು."

ತೋಟದ ಬಾಗಿಲು ತೆರೆಯಿತು. ಜೊತೆಯವರು ಎದ್ದು ಹೋದರು. ನೆಲಕ್ಕೆಲ್ಲ ಹಾವಸೆ ಹಾಸಿದ ತೋಟ ಅದು. ನೋಡಿದವರು ಮಾತಾಡದೆ ನಡೆಯುತ್ತಾರೆ. ವರ್ತಕ ಹೊಸ್ತಿಲಲ್ಲಿ ನಿಂತು ಕೂಗಿದ. "ಬಾರೇ, ನಿನ್ನಿಂದಲೇ ತಡ ಆಯ್ತು. ಈಗ ನೀನೇ ಬರಲ್ವಾ?"

"ನೀವು ನೋಡ್ಕೊಂಡು ಬನ್ನಿ. ಅವ್ರು ಬರೆಯೋದನ್ನ ನಾನು ನೋಡ್ಬೇಕು."

ಅವಳು ಕದಲಲಿಲ್ಲ. ಮುದುಕಿ ಬರೆಯತೊಡಗಿದರು. ಒಂದು ಗೆರೆ, ಇನ್ನೊಂದು ಗೆರೆ. ಹೆಂಗಸು ಕಣ್ಣು ಮಿಟುಕಿಸದೆ ನೋಡಿದಳು. ಗೈಡ್ ಅವಳ ಪಕ್ಕದಲ್ಲಿ ಕೂತಳು. ಜನರನ್ನು ಹೊರಡಿಸುವ ಹೊತ್ತು ಮೀರಿತು. ಎಂದೂ ಹೊತ್ತು ಮೀರಗೊಡದವಳು ಅಂದು ಎದ್ದು ಹೋಗಿ ಯಾರನ್ನೂ ಕರೆಯಲಿಲ್ಲ. ಹಾಳೆ ಪೂರ್ತಿಯಾಗಿ ದೇವರ ಮುಂದೆ ಸೇರಿದಾಗ ತೋಟದ ಬಾಗಿಲನ್ನು ಮುಚ್ಚುತ್ತಿದ್ದರು.

"ಅಯ್ಯೋ, ನೀವು ತೋಟ ನೋಡಲೇ ಇಲ್ಲವಲ್ಲ ಅಮ್ಮ," ಎಂದಳು ಗೈಡ್.

"ಇನ್ನೊಂದ್ಸಲ ಬರ್ತೀನಿ. ಬರೋವಾಗ ಆ ಸಾಲಿನ ಅರ್ಥ ಕೇಳ್ಕೊಂಡು ಬರ್ತೀನಿ ಅಂತ ಅವರಿಗೆ ಹೇಳು."

ಗೈಡ್ ಹೇಳಿದಳು. ಸನ್ಯಾಸಿನಿ ಕೂತಲ್ಲಿಂದಲೇ ಹಣೆ ನೆಲಕ್ಕೆ ತಾಗುವಂತೆ ಬಾಗಿದರು. ಆ ವಯಸ್ಸಿನವರು ತನಗೆ ಬಾಗುವುದನ್ನು ನೋಡಲಾರದೆ ವರ್ತಕನ ಹೆಂಡತಿಯೂ ಬಾಗಿದಳು. ಯಾರು ಮೊದಲು ತಲೆ ಎತ್ತಿದರೋ ಗೈಡಿಗೆ ನೆನಪಿಲ್ಲ. ಅವಳೂ ಬಾಗಿದ್ದಳು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

"ಆಕೆ ಅರ್ಥ ತಿಳಿದುಕೊಂಡಳೇ?" ಎಂದ ಶಿಷ್ಯ.

"ಕೇಳುತ್ತ ತಿರುಗುತ್ತಿದ್ದಾಳೆ. ಬಲ್ಲವರು ಎಂದು ಯಾರ ಹೆಸರು ಹೇಳಿದರೂ ಅವರ ಬಾಗಿಲಿಗೆ ಹೋಗುತ್ತಾಳೆ. ನನ್ನ ಹತ್ತಿರಕ್ಕೂ ಬಂದಿದ್ದಳು."

"ನೀವು ಏನು ಹೇಳಿದಿರಿ?"

"ತಿಳಿದಷ್ಟು ಹೇಳಿದೆ. ಅವಳು ತಲೆದೂಗಿ, ಇನ್ನೂ ಸ್ವಲ್ಪ ಇದ್ದಂತಿದೆ ಎಂದಳು. ಇದೆ ಎಂದೆ. ಮುಂದಿನ ಊರಿಗೆ ಹೋದಳು."

ತನ್ನ ಪ್ರಶ್ನೆಗೆ ಉತ್ತರ ಬಂದಿತೋ ಇಲ್ಲವೋ ಶಿಷ್ಯನಿಗೆ ತಿಳಿಯಲಿಲ್ಲ. ಹಾಗೇ ಎದ್ದು ಹೋಗಲು ಮನಸ್ಸು ಒಪ್ಪಲಿಲ್ಲ.

"ಗುರುಗಳೇ, ಹಾಗಾದರೆ ನನಗೆ ತಿಳಿಯದ್ದನ್ನು ನಾನು ಬಿಡಬಾರದು ಎನ್ನುತ್ತೀರಾ?"

"ಬಿಡು," ಎಂದರು ಗುರುಗಳು. "ಆ ಗಂಟನ್ನು ಯಾರ ಕೈಗೆ ಒಪ್ಪಿಸಿ ಬಿಟ್ಟೆ ಎಂಬುದನ್ನು ಮಾತ್ರ ಬಂದು ನನಗೆ ಹೇಳು."